ಮುನ್ನೂರ ಅರವತ್ತೊಂದನೆಯ ಸೆಕೆಂಡು

ಹಾಲು ಕಾಯಿಸುವವರಲ್ಲಿ ಎರಡು ಬಗೆ. ಒಂದು ಸಲ ಉಕ್ಕಿ ಬಂದಾಗ ಉರಿ ತಗ್ಗಿಸಿ, ಕೆಲಸ ಮುಗಿಯಿತೆಂದು ಆಚೆ ಹೋಗುವವರು ಒಂದು ಬಗೆ. ಅದು ಇನ್ನೊಂದು ಸಲ ಉಕ್ಕೀತೆಂದು ಗೊತ್ತಿದ್ದು ಅಲ್ಲೇ ನಿಲ್ಲುವವರು ಇನ್ನೊಂದು. ಪಟ್ಟಿಯಕ್ಕ ಎರಡನೆಯ ಬಗೆಯವಳು. ಅವಳ ಗಂಡ ಮೊದಲನೆಯ ಬಗೆಯವನು. ಒಲೆ ಒರೆಸುವವಳು ಅವಳೇ ಆದ್ದರಿಂದ ಈ ವ್ಯತ್ಯಾಸ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಪಟ್ಟಿಯಕ್ಕ ಎನ್ನುವುದು ಹುಟ್ಟುಹೆಸರಲ್ಲ. ಆಕಾಶವನ್ನು ಅಧ್ಯಯನ ಮಾಡುವ ಸಂಸ್ಥೆಯೊಂದರ ಎರಡನೆಯ ಮಹಡಿಯಲ್ಲಿ, ಮೆಟ್ಟಿಲ ಹಿಂದಿನ ಕೋಣೆಯಲ್ಲಿ ಕೂತು ಇಪ್ಪತ್ತೆರಡು ವರ್ಷದಿಂದ ಒಂದೇ ಪಟ್ಟಿಯನ್ನು ಬರೆಯುತ್ತ ಬಂದವಳೆಂದು ಅಲ್ಲಿನವರು ಇಟ್ಟ ಹೆಸರು. ಅವಳಿಗಿಂತ ಹಿರಿಯರೂ ಪಟ್ಟಿಯಕ್ಕ ಎಂದೇ ಕರೆಯುತ್ತಿದ್ದರು. ಕೋಣೆಯ ಕಿಟಕಿ ಸೈಕಲ್ ನಿಲ್ಲಿಸುವ ತಗಡಿನ ಚಪ್ಪರದ ಕಡೆಗಿತ್ತು. ಮೇಜಿನ ಮೇಲೆ ಬಿಸ್ಕತ್ತಿನ ಡಬ್ಬಿಯಲ್ಲಿ ಚೂಪು ಮಾಡಿದ ಪೆನ್ಸಿಲ್ಲುಗಳು, ಒಂದು ತುದಿ ಮುರಿದ ಮರದ ಸ್ಕೇಲು. ಸೊನ್ನೆಯೇ ಮುರಿದುಹೋಗಿದ್ದರಿಂದ ಅವಳು ಒಂದರಿಂದ ಅಳೆದು, ಬಂದದ್ದರಲ್ಲಿ ಒಂದನ್ನು ಕಳೆಯುತ್ತಿದ್ದಳು. ಹೊಸ ಸ್ಕೇಲು ತರಿಸಿಕೊಡುತ್ತೇವೆ ಎಂದವರಿಗೆ, "ಬೇಡಪ್ಪ, ಇದಕ್ಕೆ ಕೈ ಒಗ್ಗಿದೆ" ಎನ್ನುತ್ತಿದ್ದಳು.

ಕೆಲಸ ಹೀಗೆ. ಎಣಿಕೆಗೆ ಸಿಗದಷ್ಟು ದೂರದಲ್ಲಿ ದೊಡ್ಡ ನಕ್ಷತ್ರವೊಂದು ಕುಸಿದು ಸಾಯುವಾಗ ಗಾಮಾ ಕಿರಣಗಳು ಒಮ್ಮೆಲೇ ಸಿಡಿದು ಹೊರಡುತ್ತವೆ. ಕೋಟ್ಯಂತರ ವರ್ಷ ಪ್ರಯಾಣ ಮಾಡಿ ಬಂದ ಆ ಸಿಡಿತ ಉಪಗ್ರಹದ ಕಣ್ಣಿಗೆ ಬೀಳುವುದು ಕೆಲವು ಸೆಕೆಂಡು ಮಾತ್ರ. ಆಮೇಲೆ ಉಳಿದ ಬೆಳಕು ಮೆಲ್ಲಗೆ ಮಂಕಾಗುತ್ತ ಹೋಗುತ್ತದೆ. ಮಂಕಾಗುತ್ತಿರುವ ಬೆಳಕು ಕೆಲವು ಸಲ, ಇನ್ನೇನು ಮುಗಿಯಿತು ಎನ್ನುವಾಗ, ತಟ್ಟನೆ ಮತ್ತೆ ಏರುತ್ತದೆ. ವಿಜ್ಞಾನಿಗಳು ಅದಕ್ಕೆ ಫ್ಲೇರ್ ಎನ್ನುತ್ತಾರೆ. ಪಟ್ಟಿಯಕ್ಕನ ರಿಜಿಸ್ಟರಿನಲ್ಲಿ ಅದು "ಮರು ಉಕ್ಕು". ಪ್ರತಿಯೊಂದು ಸಿಡಿತದ ಬೆಳಕಿನ ಗೆರೆಯನ್ನೂ ಕಾಗದದ ಮೇಲೆ ಮುದ್ರಿಸಿಕೊಂಡು, ಮರು ಉಕ್ಕು ಎಲ್ಲಿ ಶುರುವಾಯಿತು, ಯಾವ ಸೆಕೆಂಡಿನಲ್ಲಿ ತುದಿ ಮುಟ್ಟಿತು, ಎಲ್ಲಿ ಇಳಿದು ಮುಗಿಯಿತು ಎಂದು ಮೂರು ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಮೂರು ಅಂಕಿಗಳನ್ನು ಪಟ್ಟಿಗೆ ಸೇರಿಸಬೇಕು.

ಇದನ್ನು ಕಂಪ್ಯೂಟರೂ ಮಾಡುತ್ತದೆ. ಆದರೆ ಅದು ಸುಮ್ಮನೆ ನಡುಗಿದ ಗೆರೆಯನ್ನು ಉಕ್ಕು ಎಂದುಕೊಳ್ಳುತ್ತದೆ. ದೊಡ್ಡ ಉಕ್ಕಿನ ಹೆಗಲ ಮೇಲೆ ಕೂತ ಸಣ್ಣದನ್ನು ಬಿಟ್ಟುಬಿಡುತ್ತದೆ. ಟೈಪಿಸ್ಟಾಗಿ ಸೇರಿದ ಪಟ್ಟಿಯಕ್ಕ ಮೊದಲ ವರ್ಷವೇ, ಟೈಪು ಮಾಡಲು ಕೊಟ್ಟ ಹಾಳೆಗಳಲ್ಲಿ ಹನ್ನೊಂದು ಕಡೆ ಹೀಗೆ ಬಿಟ್ಟುಹೋದದ್ದನ್ನು ಎತ್ತಿ ತೋರಿಸಿದ್ದಳು. "ನಿಮಗೆ ಹೇಗೆ ಕಾಣ್ತು?" ಎಂದು ಆ ವಿಭಾಗದ ಮುಖ್ಯಸ್ಥರಾದ ಪ್ರೊಫೆಸರು ಕೇಳಿದ್ದಕ್ಕೆ, "ಇದರ ಮೇಲೊಂದು ಕಣ್ಣಿಟ್ಟಿದ್ದೆ ಸರ್" ಎಂದಿದ್ದಳು. ಒಂದು ಕಣ್ಣು ಒಲೆಯ ಮೇಲೆ, ಒಂದು ಕಣ್ಣು ಬಾಗಿಲ ಮೇಲೆ ಇಟ್ಟು ಅಭ್ಯಾಸವಾದವರಿಗೆ ಇದೇನು ದೊಡ್ಡದಲ್ಲ. ಗಣಿತದ ಪದವಿ ಓದಿಯೂ ಟೈಪಿಸ್ಟಾಗಿದ್ದ ಅವಳಿಗೆ ಅವತ್ತಿನಿಂದ ಪಟ್ಟಿಯ ಕೆಲಸ ಸಿಕ್ಕಿತು. ಹುದ್ದೆ ಮಾತ್ರ ಟೈಪಿಸ್ಟಿನದೇ ಉಳಿಯಿತು.

ಈಗ ಪಟ್ಟಿಯಲ್ಲಿ ಒಂಬೈನೂರ ನಲವತ್ತು ಮರು ಉಕ್ಕುಗಳಿದ್ದವು. ಹದಿನಾಲ್ಕು ವರ್ಷದಿಂದ ಅದು ಸಂಸ್ಥೆಯ ಜಾಲತಾಣದಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ತೆರೆದೇ ಇತ್ತು. ಅದರ ಮೇಲೆ ಯಾರ ಹೆಸರೂ ಇರಲಿಲ್ಲ.

ಅವಳಿಗೆ ಇನ್ನೊಂದು ಕೆಲಸವೂ ಇತ್ತು. ಪ್ರತಿ ಮಾರ್ಚಿನಲ್ಲಿ ಸಂಸ್ಥೆಯ ಒಂಬತ್ತು ವಿಜ್ಞಾನಿಗಳ ಉಲ್ಲೇಖದ ಅಂಕ ತೆಗೆಯುವುದು. ಯಾರ ಲೇಖನವನ್ನು ಬೇರೆಯವರು ತಮ್ಮ ಲೇಖನದಲ್ಲಿ ಎಷ್ಟು ಸಲ ಹೆಸರಿಸಿದ್ದಾರೆ ಎಂದು ನೋಡಬೇಕು. ಒಬ್ಬರ ಹತ್ತು ಲೇಖನಗಳಿಗೆ ತಲಾ ಹತ್ತಾದರೂ ಉಲ್ಲೇಖ ಬಂದಿದ್ದರೆ ಅವರ ಅಂಕ ಹತ್ತು. ಇಪ್ಪತ್ತಕ್ಕೆ ತಲಾ ಇಪ್ಪತ್ತು ಬಂದಿದ್ದರೆ ಇಪ್ಪತ್ತು. ಮಾರ್ಚ್ ಬಂತೆಂದರೆ ಸಾಕು, ವರ್ಷವಿಡೀ ತಲೆ ಎತ್ತಿ ನಡೆಯುತ್ತಿದ್ದವರೆಲ್ಲ ಮೆಟ್ಟಿಲ ಹಿಂದಿನ ಕೋಣೆಗೆ ಬಂದು, "ಅಕ್ಕಾ, ಆ ಒಂದು ಲೇಖನಕ್ಕೆ ಇನ್ನೊಂದು ಉಲ್ಲೇಖ ಬಂದಿರಬೇಕಲ್ಲ, ಸ್ವಲ್ಪ ನೋಡಿ" ಎಂದು ಕೈ ಹಿಸುಕಿಕೊಳ್ಳುತ್ತಿದ್ದರು. ಅವಳು ಎಲ್ಲರದನ್ನೂ ನೋಡುತ್ತಿದ್ದಳು. ಅವಳದು ಎಂದು ನೋಡಲು ಏನೂ ಇರಲಿಲ್ಲ. ಲೇಖನಗಳ ಕೊನೆಯಲ್ಲಿ, ಕೃತಜ್ಞತೆಯ ಸಾಲಿನಲ್ಲಿ, ಕಂಪ್ಯೂಟರು ಕೊಟ್ಟ ವಿಭಾಗಕ್ಕೆ ವಂದನೆ ಹೇಳಿದ ಮೇಲೆ, "ಕೋಷ್ಟಕಗಳ ಸಹಾಯಕ್ಕಾಗಿ" ಎಂದು ಅವಳಿಗೂ ಒಂದು ವಂದನೆ ಇರುತ್ತಿತ್ತು, ಅಷ್ಟೆ.

ಆ ವರ್ಷ ಪಟ್ಟಿಯನ್ನು ಪುಸ್ತಕದ ಹಾಗೆ, ದೊಡ್ಡ ಲೇಖನವಾಗಿ ಪ್ರಕಟಿಸುವುದೆಂದು ಗೊತ್ತಾಯಿತು. ಜೊತೆಗೇ ಇನ್ನೊಂದು ಸುದ್ದಿ. ಲೇಖನ ಸಿದ್ಧವಾದ ಮೇಲೆ ಮೆಟ್ಟಿಲ ಹಿಂದಿನ ಕೋಣೆ ಮುಚ್ಚುತ್ತದೆ, ಪಟ್ಟಿ ದತ್ತಾಂಶ ವಿಭಾಗಕ್ಕೆ ಹೋಗುತ್ತದೆ. ಲೇಖಕರ ಸಾಲಿನಲ್ಲಿ ಹೆಸರಿದ್ದವರು ಪಟ್ಟಿಯ ಜೊತೆ ಆ ವಿಭಾಗಕ್ಕೆ ಹೋಗಬಹುದು. ಇಲ್ಲದವರು ಸ್ಟೋರ್ಸಿಗೆ. ಸ್ಟೋರ್ಸೆಂದರೆ ನೆಲಮಾಳಿಗೆಯಲ್ಲಿ ಬಲ್ಬು, ಕಾಗದದ ಕಟ್ಟು, ಸೋಪು ಎಣಿಸುವ ಜಾಗ. ಪಟ್ಟಿಯಕ್ಕನ ನಿವೃತ್ತಿಗೆ ಇನ್ನೂ ಆರು ವರ್ಷ ಇತ್ತು.

ಅವಳು ಪ್ರೊಫೆಸರ ಬಳಿ ಹೋದಳು. ಅವರು ಒಳ್ಳೆಯವರೇ. ಅವಳು ಹೋದರೆ ಕುರ್ಚಿ ಎಳೆದುಕೊಡುತ್ತಿದ್ದರು, ಅತ್ತೆಯ ಮಂಡಿನೋವು ವಿಚಾರಿಸುತ್ತಿದ್ದರು, ಪ್ರತಿ ಬೀಳ್ಕೊಡುಗೆಯ ಭಾಷಣದಲ್ಲೂ "ನಮ್ಮ ಪಟ್ಟಿಯಕ್ಕ ಇಲ್ಲದಿದ್ರೆ ನಾವೆಲ್ಲ ಕುರುಡರೇ" ಎಂದು ಹೇಳುತ್ತಿದ್ದರು.

"ಕೂತ್ಕೊಳ್ಳಿ ಅಮ್ಮಾ. ಇದು ಕೊಡುಗೆ ಪತ್ರ ಅಂತ ಹೊಸದಾಗಿ ಬಂದಿದೆ. ಯಾರು ಏನು ಮಾಡಿದ್ರು ಅಂತ ತುಂಬಬೇಕು. ನೋಡಿ, ನಿಮ್ಮ ಹೆಸರೂ ಹಾಕಿದೀನಿ."

ಹಾಳೆಯಲ್ಲಿ ಎಂಟು ಕಲಮುಗಳಿದ್ದವು. ಯೋಚನೆ, ವಿಧಾನ, ಅಳತೆ, ಪರಿಶೀಲನೆ, ಚಿತ್ರ, ಬರವಣಿಗೆ, ಮೇಲ್ವಿಚಾರಣೆ, ಇತರ ಸಹಾಯ. ಅವಳ ಹೆಸರು ಕೊನೆಯದರಲ್ಲಿತ್ತು. ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿ: "ಇತರ ಸಹಾಯ" ಮಾತ್ರ ಮಾಡಿದವರು ಲೇಖಕರಲ್ಲ.

"ಅಳತೆ ನಾನು ಮಾಡಿದ್ದಲ್ವಾ ಸರ್?"

"ನೀವು ಗುರುತು ಹಾಕಿದ್ರಿ. ಅಳತೆ ಅಂದ್ರೆ ಅದರ ಹಿಂದೆ ಒಂದು ತಿಳಿವಳಿಕೆ ಇರಬೇಕು ಅಂತಾರೆ ಸಮಿತಿಯವರು. ನಾನೇನೂ ಹೇಳ್ತಿಲ್ಲ." ಪ್ರೊಫೆಸರು ಕನ್ನಡಕ ತೆಗೆದು ಒರೆಸಿದರು. "ಇನ್ನೊಂದು, ಈ ಪಟ್ಟಿಯನ್ನ ಹೊರಗಿನವರು ಬಳಸಿದ್ದಾರೆ ಅಂತ ತೋರಿಸೋಕೆ ಉಲ್ಲೇಖ ಇರಬೇಕಲ್ಲ? ಒಂದೂ ಇಲ್ಲ. ಇದ್ದಿದ್ರೆ ಇದನ್ನೇ ಒಂದು ಸ್ವತಂತ್ರ ಕೆಲಸ ಅಂತ ಹಿಡಿದು ನಿಮ್ಮ ಪರವಾಗಿ ವಾದ ಮಾಡಬಹುದಿತ್ತು."

"ಹೆಸರೇ ಇಲ್ಲದ್ದನ್ನ ಹೇಗೆ ಹೆಸರಿಸ್ತಾರೆ ಸರ್?"

"ಅದೇ ತೊಂದರೆ ನೋಡಿ" ಎಂದು ಅವರು ನಿಜವಾಗಿಯೂ ಮರುಕಪಟ್ಟರು. ಲೇಖಕರು ಯಾರೆಂದು ತೀರ್ಮಾನಿಸುವ ಸಮಿತಿ ಸೇರುವುದಕ್ಕೆ ಐದು ವಾರ ಇತ್ತು.

ಅವತ್ತು ಸಂಜೆ ಆ ಹಾಳೆಯ ನಕಲು ಅವಳ ಚೀಲದಿಂದ ಮಗಳ ಕೈಗೆ ಬಂತು. ಮಗಳಿಗೆ ಹದಿನಾರು. ಕೈಗೆ ಸಿಕ್ಕ ಹಾಳೆಯನ್ನು ಓದದೆ ಬಿಡುವವಳಲ್ಲ, ಓದಿದ ಮೇಲೆ ಸುಮ್ಮನಿರುವವಳೂ ಅಲ್ಲ. ಊಟದ ಮೇಜಿನ ಮೇಲೆ ಇಟ್ಟುಕೊಂಡು ಪೆನ್ನು ಹಿಡಿದಳು.

"ಇವತ್ತಿನ ಅಡುಗೆಗೆ ತುಂಬ್ತೀನಿ, ಎಲ್ಲರೂ ಕೇಳಿ. ಯೋಚನೆ: ಅಜ್ಜಿ. 'ಏನಾದ್ರೂ ಹಗುರವಾಗಿ ಮಾಡೇ' ಅಂದಿದ್ದು ಅವರು. ವಿಧಾನ: ಅದೂ ಅಜ್ಜಿ, 'ನಮ್ಮ ಕಾಲದಲ್ಲಿ ಹೀಗಲ್ಲ' ಅಂದ್ರು. ಮೇಲ್ವಿಚಾರಣೆ: ಅಪ್ಪ. ಎರಡು ಸಲ ಅಡುಗೆಮನೆಗೆ ಇಣುಕಿದ್ರು."

"ನೀರು ಕುಡಿಯೋಕೆ ಬಂದಿದ್ದೆ ಕಣೇ" ಎಂದನು ಅಪ್ಪ. ಅವನು ನೀರು ಸರಬರಾಜು ಕಚೇರಿಯಲ್ಲಿ ನಕ್ಷೆ ಬರೆಯುವವನು.

"ಪರಿಶೀಲನೆ: ಅಪ್ಪನೇ. 'ಉಪ್ಪು ಒಂದು ಚೂರು ಕಮ್ಮಿ' ಅಂದ್ರು. ಬರವಣಿಗೆ: ನಾನು, ಬರೀತಾ ಇದೀನಲ್ಲ. ಅಮ್ಮ..." ಕಲಮುಗಳ ಮೇಲೆ ಬೆರಳಾಡಿಸಿ, "ಇತರ ಸಹಾಯ" ಎಂದಳು.

ಅತ್ತೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಗಂಡನಿಗೆ ಮಾತ್ರ ಚುರುಕ್ ಎಂದಿತು. "ಯಾಕೆ, ನಾನು ಮನೇಲಿ ಸಹಾಯ ಮಾಡಲ್ವಾ? ಭಾನುವಾರ ಪಾತ್ರೆ ಯಾರು ತೊಳೆದಿದ್ದು?"

"ಅದೇ ರೀ ನಾನು ಹೇಳೋದು" ಎಂದಳು ಪಟ್ಟಿಯಕ್ಕ, ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತ. "ಮನೇಲಿ ನೀವು ಮಾಡಿದ್ರೆ ಸಹಾಯ, ಆಫೀಸಲ್ಲಿ ನಾನು ಮಾಡಿದ್ರೆ ಸಹಾಯ. ಹಾಗಾದ್ರೆ ನನ್ನ ಕೆಲಸ ಅನ್ನೋದು ಎಲ್ಲಿದೆ? ಒಂದು ಕಡೆ ಆದ್ರೂ ಇರಬೇಕಲ್ಲ?"

ಗಂಡ ತನ್ನ ತಟ್ಟೆಯನ್ನು ತಾನೇ ಎತ್ತಿಕೊಂಡು ಸಿಂಕಿನ ಪಕ್ಕ ಇಟ್ಟ. ತೊಳೆಯಲಿಲ್ಲ, ಇಟ್ಟ.

ಮುಂದಿನ ವಾರ ಹೊಸ ಮೇಡಂ ಮೆಟ್ಟಿಲ ಹಿಂದಿನ ಕೋಣೆಗೆ ಬಂದಳು. ಎಂಟು ತಿಂಗಳ ಹಿಂದೆ ಸೇರಿದ್ದ ಕಿರಿಯ ವಿಜ್ಞಾನಿ ಅವಳು. ಬಾಗಿಲು ತಟ್ಟಿ ಒಳಗೆ ಬರುವವಳು ಆ ಕಟ್ಟಡದಲ್ಲಿ ಅವಳೊಬ್ಬಳೇ.

"ಅಕ್ಕಾ, ಒಂದು ಚುಕ್ಕೆ ನನ್ನ ಮಾತು ಕೇಳ್ತಿಲ್ಲ" ಎಂದು ಚುಕ್ಕೆ ಚುಕ್ಕೆಯಾಗಿ ಫ್ಲೇರುಗಳನ್ನು ಗುರುತಿಸಿದ್ದ ಗ್ರಾಫಿನ ಹಾಳೆ ಮುಂದಿಟ್ಟಳು. "ಎಲ್ಲ ಫ್ಲೇರುಗಳೂ ಬೇಗ ಏರ್ತವೆ, ನಿಧಾನ ಇಳೀತವೆ. ಇದೊಂದು ಮಾತ್ರ ತಿರುಗುಮುರುಗು. ಅರವತ್ಮೂರು ಸೆಕೆಂಡು ಏರಿ, ಹನ್ನೊಂದರಲ್ಲಿ ದಬಕ್ಕಂತ ಇಳಿದುಬಿಟ್ಟಿದೆ."

"ಹಾಲು ಹಾಗೆ ಉಕ್ಕಲ್ಲ" ಎಂದಳು ಪಟ್ಟಿಯಕ್ಕ, ಕನ್ನಡಕ ಏರಿಸಿಕೊಂಡು.

ಸಿಡಿತಗಳಿಗೆ ಹೆಸರಿಲ್ಲ, ಕಂಡ ದಿನದ ತಾರೀಖೇ ಹೆಸರು, ಒಂದೇ ದಿನ ಎರಡು ಕಂಡರೆ ಕೊನೆಗೊಂದು ಅಕ್ಷರ. ಇದು ಹನ್ನೆರಡು ವರ್ಷದ ಹಿಂದಿನದು, ಆ ದಿನದ ಎರಡನೆಯದು. ಅವಳು ಬೀರುವಿನ ಕೆಳಗಿನ ಅರೆಯಿಂದ ಹಳೆಯ ಕಡತ ತೆಗೆದು, ಆ ಗೆರೆಯ ಹಾಳೆಯನ್ನು ಬೆಳಕಿಗೆ ಹಿಡಿದಳು. ಅವಳದೇ ಪೆನ್ಸಿಲಿನ ಮೂರು ಗುರುತು. ಶುರು 298. ಮುಗಿದದ್ದು 372. ತುದಿಯ ಗುರುತು ಹಾಕಿದ್ದು ಸರಿಯಾದ ಜಾಗದಲ್ಲೇ, 316ರ ಮೇಲೆ. ರಿಜಿಸ್ಟರು ತೆರೆದಳು. ಅಲ್ಲಿ ಬರೆದಿದ್ದದ್ದು 361.

ಅವಳ ಕಿವಿ ಬಿಸಿಯಾಯಿತು. ಇಪ್ಪತ್ತೆರಡು ವರ್ಷದಲ್ಲಿ ಒಂದೂ ತಪ್ಪಿಲ್ಲ ಎನ್ನುವುದು ಅವಳ ಬಳಿ ಇದ್ದ ಒಂದೇ ಬಿರುದು. ಅದನ್ನು ಯಾರೂ ಕೊಟ್ಟಿರಲಿಲ್ಲ, ಅವಳೇ ಕೊಟ್ಟುಕೊಂಡದ್ದು.

ಹೊಸ ಮೇಡಂ ರಿಜಿಸ್ಟರಿನ ಅಂಚಿನ ಕಡೆ ಬಗ್ಗಿದಳು. "ಇದೇನು ಬರೆದಿದೆ ಅಕ್ಕಾ? 'ಎರಡನೇ ಡ್ರಾಯರು, ಎಡಗಡೆ, ಸಾಕ್ಸಿನ ಕೆಳಗೆ'?"

ಪಟ್ಟಿಯಕ್ಕನಿಗೆ ಆ ದಿನ ಪೂರ್ತಿ ನೆನಪಾಯಿತು. ಮಗಳಿಗೆ ಆಗ ನಾಲ್ಕು ವರ್ಷ, ಮೈ ಕಾದಿತ್ತು. ರಜೆ ಹಾಕಿ ಮನೆಯಲ್ಲಿದ್ದದ್ದು ಗಂಡನೇ. ಅದಕ್ಕಾಗಿ ಅವನನ್ನು ನೆರೆಯವರೆಲ್ಲ ಹೊಗಳಿದ್ದರು. ಅವನು ಬೆಳಿಗ್ಗೆಯಿಂದ ಮೂರು ಸಲ ಫೋನು ಮಾಡಿ ಕೇಳಿದ್ದು ಒಂದೇ ಪ್ರಶ್ನೆ: ಥರ್ಮಾಮೀಟರು ಎಲ್ಲಿದೆ? ಮೂರನೆಯ ಸಲ ರಿಸೀವರನ್ನು ಹೆಗಲಿಗೂ ಕೆನ್ನೆಗೂ ನಡುವೆ ಸಿಕ್ಕಿಸಿಕೊಂಡು, ಬಾಯಲ್ಲಿ ಹೇಳುತ್ತಿದ್ದದ್ದನ್ನೇ ಕೈ ಅಂಚಿನಲ್ಲಿ ಗೀಚಿತ್ತು. ಅದೇ ಕೈ ಅದೇ ಉಸಿರಿನಲ್ಲಿ 316ನ್ನು 361 ಮಾಡಿತ್ತು.

"ನನ್ನದೇ ತಪ್ಪು" ಎಂದು ರಬ್ಬರು ಕೈಗೆತ್ತಿಕೊಂಡಳು. "ಈಗಲೇ ತಿದ್ದಿಬಿಡ್ತೀನಿ. ನಿಮ್ಮ ಚುಕ್ಕೆ ಸಾಲಿಗೆ ಬರುತ್ತೆ."

"ತಡೀರಿ, ತಡೀರಿ." ಹೊಸ ಮೇಡಂ ಅವಳ ಮಣಿಕಟ್ಟು ಹಿಡಿದಳು. "ಬೇರೆಯವರ ಲೇಖನದಲ್ಲೂ 361 ಅಂತಾನೇ ನೋಡಿದ ನೆನಪು ನನಗೆ. ಅವರು ತಾವೇ ಗೆರೆ ನೋಡಿ ಅಳೆದಿದ್ರೆ 316 ಬರಬೇಕಿತ್ತು, ಅಲ್ವಾ? ತಾವೇ ಅಳೆದವರು ಯಾರಿಗೂ 361 ಬರೋಕೆ ಸಾಧ್ಯಾನೇ ಇಲ್ಲ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ರಬ್ಬರು ಡಬ್ಬಿಗೆ ವಾಪಸು ಹೋಯಿತು.

ಮುಂದಿನ ಮೂರು ವಾರ, ಬೇರೆಯವರ ಉಲ್ಲೇಖ ಹುಡುಕಿ ಪಳಗಿದ ಕಣ್ಣನ್ನು ಪಟ್ಟಿಯಕ್ಕ ಮೊದಲ ಬಾರಿಗೆ ತನಗಾಗಿ ಬಳಸಿದಳು. ಮಧ್ಯಾಹ್ನದ ಊಟದ ಡಬ್ಬಿಯನ್ನು ಪಕ್ಕಕ್ಕಿಟ್ಟುಕೊಂಡು, ಫ್ಲೇರುಗಳ ಬಗ್ಗೆ ಬಂದಿದ್ದ ಲೇಖನಗಳ ಕೋಷ್ಟಕಗಳನ್ನು ಒಂದೊಂದಾಗಿ ತೆರೆದಳು. ಅಕ್ಕಿಯಲ್ಲಿ ಕಲ್ಲು ಹುಡುಕುವ ಕೆಲಸ. ವ್ಯತ್ಯಾಸ ಇಷ್ಟೆ, ಇಲ್ಲಿ ಕಲ್ಲು ಸಿಕ್ಕಿದರೆ ಸಂತೋಷ. ಇಪ್ಪತ್ತೊಂಬತ್ತು ಕಡೆ ಸಿಕ್ಕಿತು. ಅವಳು ಹೆಸರು ಕೂಡ ಕೇಳಿರದ ಊರುಗಳ ಜನ ಅವಳ 361ನ್ನು ಎತ್ತಿಕೊಂಡಿದ್ದರು. ಕೆಲವರು "ನಮ್ಮ ಅಳತೆಯ ಪ್ರಕಾರ" ಎಂದು ಬರೆದಿದ್ದರು. ಒಬ್ಬ ಮಹಾಶಯ, ಈ ಒಂದು ಫ್ಲೇರ್ ಮಾತ್ರ ಯಾಕೆ ಹಿಂದುಮುಂದಾಗಿದೆ ಎಂದು ವಿವರಿಸಲು ಆರು ಪುಟ ಗಣಿತ ಹಾಕಿದ್ದ.

"ನೋಡಿ ಮೇಡಂ, ಸಾಕ್ಸಿನ ಕೆಳಗಿನ ಥರ್ಮಾಮೀಟರಿಗೆ ಆರು ಪುಟ ಸಿದ್ಧಾಂತ!" ಎಂದಳು ಪಟ್ಟಿಯಕ್ಕ. ಹೊಸ ಮೇಡಂ ನಕ್ಕ ನಗುವಿಗೆ ಕೆಳಗೆ ಸೈಕಲ್ ಇಡುತ್ತಿದ್ದವರು ಮೇಲೆ ನೋಡಿದರು.

ಇಪ್ಪತ್ತೊಂಬತ್ತರಲ್ಲಿ ಮೂರು ತಮ್ಮ ಸಂಸ್ಥೆಯವೇ. ಆ ಮೂರರಲ್ಲಿ ಎರಡು ಪ್ರೊಫೆಸರದು.

ಕೈಯಲ್ಲಿ ಪುರಾವೆ ಇದ್ದರೂ ಅವಳಿಗೆ ಸಮಾಧಾನವಿರಲಿಲ್ಲ. ಪಟ್ಟಿ ತನ್ನದೆಂದು ತೋರಿಸಬೇಕಾದರೆ ತಪ್ಪು ತನ್ನದೆಂದು ಒಪ್ಪಬೇಕು. ಸರಿಯಾಗಿ ಬರೆದ ಒಂಬೈನೂರ ಮೂವತ್ತೊಂಬತ್ತೂ ಯಾರದೋ ಆಗಬಹುದು. ಇದೊಂದೇ ಖಂಡಿತವಾಗಿ ಅವಳದು. ಒಪ್ಪಿಕೊಂಡ ಮೇಲೆ, "ಇಂಥ ತಪ್ಪು ಮಾಡುವವಳನ್ನು ಲೇಖಕಿ ಮಾಡಬೇಕೇ" ಎಂದು ಯಾರಾದರೂ ಕೇಳಿದರೆ? ಸುಮ್ಮನೆ ತಿದ್ದಿ, ತಪ್ಪಿಲ್ಲದವಳೆಂಬ ಹೆಸರನ್ನಾದರೂ ಉಳಿಸಿಕೊಂಡು ಸ್ಟೋರ್ಸಿಗೆ ಇಳಿಯುವುದೇ ಮೇಲಲ್ಲವೇ?

ಭಾನುವಾರ ಬೆಳಿಗ್ಗೆ ಬಟ್ಟೆ ಮಡಚುತ್ತ ಅತ್ತೆಯ ಮುಂದೆ ಇದನ್ನೆಲ್ಲ ಹೇಳಿಕೊಂಡಳು. ಅತ್ತೆಗೆ ಗಾಮಾ ಕಿರಣ ಬೇಕಿರಲಿಲ್ಲ. ಅವರು ಮೂವತ್ತು ವರ್ಷ ದೊಡ್ಡ ಬಟ್ಟೆ ಅಂಗಡಿಯೊಂದಕ್ಕೆ ಮನೆಯಲ್ಲೇ ಕೂತು ಅಂಗಿ ಹೊಲಿದುಕೊಟ್ಟವರು. ಅಂಗಿಯ ಕುತ್ತಿಗೆಗೆ ಬೀಳುತ್ತಿದ್ದದ್ದು ಅಂಗಡಿಯ ಲೇಬಲ್ಲು.

"ನನ್ನ ಎಡಗೈ ತೋಳಿನ ಎರಡನೇ ಗುಂಡಿ ಯಾವಾಗ್ಲೂ ಒಂದು ನೂಲು ಕೆಳಗೆ ಬೀಳ್ತಿತ್ತು ಕಣೇ" ಎಂದರು. "ಎಷ್ಟು ಸರಿ ಮಾಡಿದ್ರೂ ಅಷ್ಟೇ. ಕೈಯೇ ಹಾಗೆ. ಮೊದಮೊದಲು ಯಾರಾದ್ರೂ ಕಂಡುಹಿಡೀತಾರೇನೋ ಅಂತ ಹೆದರಿಕೆ. ಒಂದಿನ ಬಸ್ಸಲ್ಲಿ ನನ್ನ ಮುಂದೆ ಒಬ್ಬ ಕಂಬಿ ಹಿಡಿದು ನಿಂತಿದ್ದ. ನೋಡ್ತೀನಿ, ಎರಡನೇ ಗುಂಡಿ ಒಂದು ನೂಲು ಕೆಳಗೆ! ಅಯ್ಯೋ, ಇದು ನಂದು ಅನ್ಕೊಂಡೆ. ಅವತ್ತು ಎಷ್ಟು ಖುಷಿಯಾಯ್ತು ಗೊತ್ತಾ? ಸರಿಯಾಗಿ ಹೊಲಿದ ಅಂಗಿ ಊರ ತುಂಬ ಇದ್ವು. ಅದ್ಯಾವುದು ನಂದು ಅಂತ ನನಗೇ ಗೊತ್ತಾಗ್ತಿರಲಿಲ್ಲ."

"ಅವನಿಗೆ ಹೇಳಿದ್ರಾ ಅತ್ತೆ?"

"ಹೇಳೋಣ ಅಂತ ಬಾಯಿ ತೆಗೆದೆ. ಅವನ ಸ್ಟಾಪು ಬಂದು ಇಳಿದುಹೋದ." ಅತ್ತೆ ಮಡಚಿದ ಟವೆಲನ್ನು ಮತ್ತೆ ಬಿಡಿಸಿ ಮಡಚಿದರು. "ನೀನಾದ್ರೂ ಹೇಳು."

ಸಮಿತಿ ಸೇರಿದ್ದು ನಿರ್ದೇಶಕರ ಕೋಣೆಯಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ಉದ್ದ ಮೇಜಿನ ಆಚೆ ನಿರ್ದೇಶಕರು, ಪ್ರೊಫೆಸರು. ಈಚೆ ಪಟ್ಟಿಯಕ್ಕ, ಪಕ್ಕದಲ್ಲಿ ಹೊಸ ಮೇಡಂ. ಪಟ್ಟಿಯಕ್ಕ ಮಾತನ್ನು ಮೊದಲೇ ಬರೆದುಕೊಂಡು ಬಂದಿದ್ದಳು. ಕೂತ ಮೇಲೆ ಆ ಚೀಟಿ ತೆಗೆಯಲೇ ಇಲ್ಲ. ರಿಜಿಸ್ಟರನ್ನೂ ಗೆರೆಯ ಹಾಳೆಯನ್ನೂ ಅಕ್ಕಪಕ್ಕ ಇಟ್ಟಳು.

"ಹನ್ನೆರಡು ವರ್ಷದ ಹಿಂದೆ ನಾನೊಂದು ತಪ್ಪು ಮಾಡಿದೀನಿ. ಅದನ್ನ ಮೊದಲು ಹೇಳ್ತೀನಿ" ಎಂದು ಶುರು ಮಾಡಿ, 316 ಹೇಗೆ 361 ಆಯಿತೆಂದು ತೋರಿಸಿದಳು. ಅಂಚಿನ ಗೀಚನ್ನೂ ಮುಚ್ಚಿಡಲಿಲ್ಲ.

ಪ್ರೊಫೆಸರು ಪ್ರೀತಿಯಿಂದಲೇ ಹೇಳಿದರು: "ಇಷ್ಟಕ್ಕೆ ಯಾಕಮ್ಮ ಬೇಜಾರು? ಮನುಷ್ಯರು ಅಂದಮೇಲೆ ಆಗುತ್ತೆ. ನೋಡಿ ಸರ್, ನಾನು ಹೇಳ್ತಿದ್ದದ್ದೂ ಇದೇ. ಇಂಥವೆಲ್ಲ ಇರುತ್ತೆ ಅಂತಾನೇ ವಿಜ್ಞಾನಿಗಳು ಪ್ರತಿಯೊಂದನ್ನೂ ಗೆರೆ ಇಟ್ಟುಕೊಂಡು ಸ್ವತಃ ಅಳೆದು ನೋಡೋದು."

ಪಟ್ಟಿಯಕ್ಕ ಚೀಲದಿಂದ ಇನ್ನೆರಡು ಹಾಳೆ ತೆಗೆದಳು. ಪ್ರೊಫೆಸರದೇ ಲೇಖನಗಳು. ಎರಡರಲ್ಲೂ ಒಂದು ಅಂಕಿಯ ಕೆಳಗೆ ಪೆನ್ಸಿಲಿನ ಗೆರೆ ಇತ್ತು, ಮುರಿದ ಸ್ಕೇಲಿಟ್ಟು ಎಳೆದದ್ದು.

"ತಪ್ಪು ನಂದು ಸರ್. ಅದು ನಿಮ್ಮ ಅಳತೇಲಿ ಹೇಗೆ ಬಂತು?"

ಗೋಡೆಯ ಮೇಲಿನ ಫ್ಯಾನು ಅತ್ತಿಂದಿತ್ತ ತಿರುಗಿತು. ಹಾಳೆಗಳು ಎದ್ದು ಬಿದ್ದವು. ಪ್ರೊಫೆಸರು ಎರಡು ಲೇಖನಗಳನ್ನೂ ಹತ್ತಿರ ಎಳೆದುಕೊಂಡು ನೋಡಿದರು, ಆಮೇಲೆ ಗೆರೆಯ ಹಾಳೆ ನೋಡಿದರು, ಆಮೇಲೆ ಕನ್ನಡಕ ತೆಗೆದರು. ಒರೆಸಲಿಲ್ಲ. ಅವರ ಮುಖ ಕೆಂಪಾಗಿತ್ತು.

"ನಾನು ಅಳೆಯಲಿಲ್ಲ" ಎಂದರು ಕೊನೆಗೆ, ಯಾರ ಕಡೆಯೂ ನೋಡದೆ. "ಪಟ್ಟಿಯಿಂದ ತಗೊಂಡೆ. ಅದು ನಿಮ್ಮದು, ಸರಿಯಾಗೇ ಇರುತ್ತೆ ಅಂತ ಗೊತ್ತಿತ್ತು."

"ಹೊರಗಿನವರು ಇಪ್ಪತ್ತಾರು ಜನ ಸರ್" ಎಂದು ಹೊಸ ಮೇಡಂ ನಿರ್ದೇಶಕರ ಮುಂದೆ ಇನ್ನೊಂದು ಹಾಳೆ ಸರಿಸಿದಳು. "ಇದು ಒಂದೇ ಸಾಲಿನ ಲೆಕ್ಕ. ಬಾಕಿ ಒಂಬೈನೂರ ಮೂವತ್ತೊಂಬತ್ತು ಸಾಲುಗಳನ್ನ ಎಷ್ಟು ಜನ ತಗೊಂಡಿದ್ದಾರೋ. ಅವು ಸರಿಯಾಗಿರೋದ್ರಿಂದ ಕಂಡುಹಿಡಿಯೋಕೆ ಆಗಲ್ಲ."

ನಿರ್ದೇಶಕರು ಬಹಳ ಮಾತಿನವರಲ್ಲ. ಕೊಡುಗೆ ಪತ್ರವನ್ನು ಎಳೆದುಕೊಂಡು, "ಇತರ ಸಹಾಯ"ದ ಕಲಮಿನಲ್ಲಿದ್ದ ಹೆಸರನ್ನು ಹೊಡೆದುಹಾಕಿ ಪ್ರೊಫೆಸರ ಕಡೆ ತಳ್ಳಿದರು. ಪ್ರೊಫೆಸರು ಪೆನ್ನು ತೆಗೆದು ಆ ಹೆಸರನ್ನು "ಅಳತೆ"ಯ ಕೆಳಗೆ ಬರೆದರು. ಸ್ವಲ್ಪ ತಡೆದು, "ಪರಿಶೀಲನೆ"ಯಲ್ಲಿದ್ದ ತಮ್ಮ ಹೆಸರಿನ ಪಕ್ಕದಲ್ಲೂ ಬರೆದರು. ತಮ್ಮದನ್ನು ಹೊಡೆದುಹಾಕಲಿಲ್ಲ. ಎಲ್ಲವೂ ಒಂದೇ ದಿನ ಆಗುವುದಿಲ್ಲ.

ಲೇಖಕರ ಸಾಲಿನಲ್ಲಿ ಅವಳದು ಐದರಲ್ಲಿ ನಾಲ್ಕನೆಯ ಹೆಸರು. ಮೊದಲನೆಯದು ಯಾಕಲ್ಲ ಎಂದು ಮಗಳು ಕುಣಿದಾಡಿದಳು. ಪಟ್ಟಿಯಕ್ಕ, "ಕೋಣೆ ಸಿಕ್ತಲ್ಲೇ, ದತ್ತಾಂಶ ವಿಭಾಗದ ಕಿಟಕಿಯಿಂದ ಸೈಕಲ್ ಶೆಡ್ಡು ಕಾಣಲ್ಲ, ಮರ ಕಾಣುತ್ತೆ" ಎಂದಳು. ಆದರೆ ಆ ದೊಡ್ಡ ಲೇಖನ ಅಚ್ಚಾಗಲು ವರ್ಷಗಟ್ಟಲೆ ಹಿಡಿಯುವಂತಿತ್ತು. ಅದಕ್ಕೆ ಮೊದಲೇ ಇನ್ನೊಂದು ಬಂತು. ಹದಿನಾಲ್ಕು ವರ್ಷದಿಂದ ಹೊರಗಿರುವ ಪಟ್ಟಿಯಲ್ಲಿ ತಪ್ಪಿದ್ದರೆ ಅದನ್ನು ಎಲ್ಲರಿಗೂ ತಿಳಿಸಬೇಕಲ್ಲ? ಅರ್ಧ ಪುಟದ ಒಂದು ತಿದ್ದುಪಡಿ. 361 ಎಂದಿರುವುದನ್ನು 316 ಎಂದು ಓದಿಕೊಳ್ಳಬೇಕು. ಪಟ್ಟಿ ತಯಾರಿಸಿದವರಿಂದ ಆದ ಬರವಣಿಗೆಯ ತಪ್ಪು. ತಪ್ಪಿನಲ್ಲಿ ಪಾಲು ಕೇಳಲು ಯಾರೂ ಬರಲಿಲ್ಲವಾದ್ದರಿಂದ ಅದರ ಮೇಲೆ ಒಂದೇ ಹೆಸರಿತ್ತು. ಅತ್ತೆ ಆ ಅರ್ಧ ಪುಟವನ್ನು ಕತ್ತರಿಸಿ, ತಮ್ಮ ಹೊಲಿಗೆ ಯಂತ್ರದ ಮುಚ್ಚಳದ ಒಳಗಡೆ ಅಂಟಿಸಿಕೊಂಡರು.

361ನ್ನು ಬಳಸಿದ್ದವರು ಒಬ್ಬೊಬ್ಬರಾಗಿ ತಮ್ಮ ಲೆಕ್ಕ ತಿದ್ದತೊಡಗಿದರು. ತಿದ್ದಿದವರೆಲ್ಲ ಎಲ್ಲಿಂದ ತಿದ್ದಿದೆವೆಂದು ಹೇಳಬೇಕಾಗಿತ್ತು. ಆರು ಪುಟ ಗಣಿತ ಹಾಕಿದ್ದ ಮಹಾಶಯನೂ ಹೇಳಿದ. ಮುಂದಿನ ಮಾರ್ಚಿನ ಹೊತ್ತಿಗೆ ಅರ್ಧ ಪುಟಕ್ಕೆ ಹದಿನೇಳು ಉಲ್ಲೇಖ ಬಂದಿದ್ದವು.

"ಹದಿನೇಳು ಅಂದ್ರೆ ನಿನ್ನ ಅಂಕ ಹದಿನೇಳಾ?" ಎಂದು ಗಂಡ ಕೇಳಿದ್ದ, ಬೆಳಿಗ್ಗೆ ಹಾಲಿನ ಮುಂದೆ ನಿಂತು. ಈಗೀಗ ಅವನು ಮೊದಲ ಉಕ್ಕಿಗೆ ಓಡಿಹೋಗುತ್ತಿರಲಿಲ್ಲ. ಎರಡನೆಯದರ ವರೆಗೆ ನಿಂತುಕೊಳ್ಳುತ್ತಿದ್ದ. ಮೂರನೆಯದೂ ಇರುತ್ತದೆಂದು ಅವನಿಗೆ ಇನ್ನೂ ಗೊತ್ತಾಗಿರಲಿಲ್ಲ.

"ಅಲ್ಲ ರೀ. ಲೇಖನ ಒಂದೇ ಇದ್ರೆ ಎಷ್ಟು ಜನ ಹೆಸರು ಹೇಳಿದ್ರೂ ಅಂಕ ಒಂದೇ."

"ಇದ್ಯಾವ ನ್ಯಾಯ?"

"ನ್ಯಾಯ ಅಂತ ಯಾರು ಹೇಳಿದ್ರು? ಅದು ಲೆಕ್ಕ."

ಮರ ಕಾಣುವ ಕಿಟಕಿಯ ಪಕ್ಕ ಕೂತು ಅವಳು ಆ ವರ್ಷದ ಅಂಕಗಳನ್ನು ತುಂಬಿದಳು. ಒಂಬತ್ತು ಸಾಲು ಮುಗಿದವು. ಹತ್ತನೆಯ ಸಾಲು ಎಳೆದು ತನ್ನ ಹೆಸರನ್ನು ಬರೆದಳು. ಪಟ್ಟಿಯಕ್ಕ ಎಂದಲ್ಲ, ಹುಟ್ಟುಹೆಸರು. ಅಂಕಿಯ ಮನೆಗೆ ಪೆನ್ಸಿಲು ಬಂದಾಗ ಫೋನು ಹೊಡೆದುಕೊಂಡಿತು. ಮನೆಯ ನಂಬರು. ಅತ್ತೆಗೆ ನಿನ್ನೆಯಿಂದ ನೆಗಡಿ, ಮೈ ಸ್ವಲ್ಪ ಬಿಸಿ, ಗಂಡ ರಜೆ ಹಾಕಿದ್ದ. ಅವನು ಕೇಳುವುದು ಏನೆಂದು ಅವಳಿಗೆ ಗೊತ್ತಿತ್ತು, ಅದು ಎಲ್ಲಿದೆ ಎನ್ನುವುದೂ ಗೊತ್ತಿತ್ತು. ಇಷ್ಟು ವರ್ಷವಾದರೂ ಅದು ಇದ್ದಲ್ಲೇ ಇತ್ತು.

ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಅವಳು ಮೊದಲು ಅಂಕಿ ಬರೆದಳು. ಇನ್ನೊಂದು ಸಲ ಓದಿ ನೋಡಿದಳು. ಪೆನ್ಸಿಲನ್ನು ಡಬ್ಬಿಗೆ ಹಾಕಿದಳು. ಆಮೇಲೆ ಫೋನು ಎತ್ತಿದಳು.

"ಹುಡುಕಿ ರೀ" ಎಂದಳು. "ಸಿಗುತ್ತೆ."